ಫಕೀರಪ್ಪನ ನಾಲ್ಕು ಮೀನು

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಮಾತಾಡತೊಡಗಿದರೆ ಅವರ ಕಣ್ಣು ನೋಡುವುದು ಬಿಟ್ಟು ಬಾಯಿ ನೋಡುತ್ತೇನೆ. ತುಟಿ ಎಷ್ಟು ತೆರೆಯಿತು, ನಾಲಗೆ ಹಲ್ಲಿಗೆ ತಾಗಿತೋ ಅಂಗುಳಕ್ಕೆ ತಾಗಿತೋ, ಉಸಿರು ಎಲ್ಲಿಂದ ಹೊರಬಿತ್ತು, ನನಗೆ ಇದೇ ಧ್ಯಾನ. ಅವರು ಹೇಳಿದ್ದೇನು ಎಂದು ಕೇಳಿದರೆ ಮಾತ್ರ ಬೆಬ್ಬೆಬ್ಬೆ. ಮೊನ್ನೆ ಕಿರಾಣಿ ಅಂಗಡಿಯವನು, "ಏನ್ ನೋಡಾಕತ್ತೀರಿ ಸರ, ಹಲ್ಲಾಗ ಎಲಿ ಸಿಕ್ಕದೇನು?" ಎಂದು ಕೇಳಿ, ಆ ಕಡೆ ತಿರುಗಿ ನಿಂತು ಬೆರಳಿನಿಂದ ಹಲ್ಲು ತಿಕ್ಕಿಕೊಂಡ. ಏನೂ ಇಲ್ಲಪ್ಪ ಎಂದರೆ ನಂಬಲಿಲ್ಲ. ಒಂಟಿ ಮುದುಕನ ಜೊತೆ ನಿಂತು ಮಾತಾಡುವವರೇ ಅಪರೂಪ. ಸಿಕ್ಕ ಒಬ್ಬಿಬ್ಬರನ್ನೂ ಹೀಗೆ ಓಡಿಸಿಕೊಳ್ಳುತ್ತೇನೆ ನೋಡಿ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಆಗ ನಮ್ಮ ಸೀಮೆ ನಿಜಾಮರ ಕೈಯಿಂದ ಬಿಡಿಸಿಕೊಂಡು, ಕನ್ನಡ ನಾಡಿನೊಳಗೆ ಸೇರಿಕೊಂಡ ಹೊಸತು. ನಾನು ಶಹಾಪುರದ ಕುರಿ ಸಾಕುವವರ ಮನೆಯ ಮಗ. ಶಾಲೆ ಓದಿದ್ದು ಉರ್ದುವಿನಲ್ಲಿ. ಕನ್ನಡ ಕಲಿತದ್ದು ಅವ್ವನಿಂದ ಮತ್ತು ಕುರಿಗಳ ಹಿಂದೆ. ಇಂಗ್ಲಿಷ್ ಕಲಿತದ್ದು ಪುಸ್ತಕದಿಂದ. ಅದನ್ನು ಬಾಯಲ್ಲಿ ಆಡುವ ಜೀವಂತ ಮನುಷ್ಯನೊಬ್ಬನನ್ನು ನಾನು ನೋಡಿರಲಿಲ್ಲ. ಆದರೂ ಇಂಗ್ಲಿಷ್ ಮಾಸ್ತರನಾಗಿದ್ದೆ. ಕುರುಡರ ಊರಿನಲ್ಲಿ ಒಕ್ಕಣ್ಣನೇ ರಾಜ ಅನ್ನುತ್ತಾರಲ್ಲ, ನನ್ನದು ಆ ಒಂದು ಕಣ್ಣೂ ಮಂಜಾಗಿತ್ತು.

ನಿಜವಾದ ಇಂಗ್ಲಿಷ್ ಹೇಗಿರುತ್ತದೆ ಎಂದು ಕೇಳುವ ಆಸೆಗೆ ಬಿದ್ದು ಒಂದು ರವಿವಾರ ಯಾದಗಿರಿ ಸ್ಟೇಶನ್ನಿಗೆ ಹೋಗಿ ನಿಂತಿದ್ದೂ ಉಂಟು. ಮದ್ರಾಸಿನ ಮೇಲ್ ಗಾಡಿ ಬರುತ್ತದೆ, ಫಸ್ಟ್ ಕ್ಲಾಸಿನಲ್ಲಿ ದೊಡ್ಡ ಮಂದಿ ಇರುತ್ತಾರೆ, ಏನಾದರೂ ಎರಡು ಮಾತು ಉದುರಿಸುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಗಾಡಿ ಬಂತು. ಸೂಟು ಹಾಕಿದವರೊಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ನಾನು ಕಿವಿ ನಿಮಿರಿಸಿದೆ. ಅವರು "ಟೀ" ಅಂದರು, ಚಹಾ ಕುಡಿದರು, ತಲೆ ಒಳಗೆಳೆದುಕೊಂಡರು. ಅಷ್ಟಕ್ಕೇ ನಾನು ಶಹಾಪುರಕ್ಕೆ ತಿರುಗಿ ಬಂದೆ.

ಅಂಥವನನ್ನು ಇಲಾಖೆಯವರು ಅದು ಏನೆಂದು ಆರಿಸಿದರೋ, ಇಂಗ್ಲಿಷ್ ಉಚ್ಚಾರಣೆಯ ತರಬೇತಿಗೆಂದು ಮೂರು ತಿಂಗಳು ದೊಡ್ಡ ಊರಿಗೆ ಕಳಿಸಿದರು. ಅಲ್ಲಿ ಗ್ರಾಮೋಫೋನಿನ ತಟ್ಟೆಗಳಿದ್ದವು, ಬಾಯಿಯನ್ನು ಉದ್ದಕ್ಕೆ ಸೀಳಿ ತೋರಿಸುವ ಚಿತ್ರಗಳಿದ್ದವು. ಮಾತು ಎಂದರೆ ಗಾಳಿ. ತುಟಿ, ಹಲ್ಲು, ನಾಲಗೆ ಅದಕ್ಕೆ ಹಾಕಿದ ಒಡ್ಡು ಎಂದು ಅಲ್ಲೇ ಗೊತ್ತಾದದ್ದು. ತಿರುಗಿ ಬರುವಾಗ ಹುಕುಮೂ ಜೊತೆಗೇ ಬಂತು. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ತಾಲೂಕಿನ ಮಾಸ್ತರರಿಗಾಗಿ ಉಚ್ಚಾರಣೆಯ ಕಾರ್ಡುಗಳನ್ನು ತಯಾರಿಸಬೇಕು, ಹತ್ತು ದಿನ ಶಿಬಿರ ಮಾಡಬೇಕು, ಕೊನೆಗೆ ಪರೀಕ್ಷೆ ತೆಗೆದುಕೊಳ್ಳಬೇಕು. ಗ್ರಾಮೋಫೋನು ಕೊಡಲಿಲ್ಲ. ಕೊಟ್ಟಿದ್ದರೂ ಶಾಲೆಗೊಂದು ಎಲ್ಲಿಂದ ತರುವುದು?

ಹಾಗಾಗಿ ನಾನು ನಮ್ಮ ಮಂದಿಯ ಬಾಯಲ್ಲಿ ಈಗಾಗಲೇ ಇದ್ದದ್ದನ್ನೇ ಹುಡುಕತೊಡಗಿದೆ. ಸಂಜೆ ಅಪ್ಪ ಕುರಿ ತಿರುವುವಾಗ ನಾಲಗೆಯ ತುದಿ ನಡುಗಿಸಿ ಒಂದು ಸದ್ದು ಮಾಡುತ್ತಿದ್ದ. ಅವ್ವ ಕೋಳಿ ಅಟ್ಟುವಾಗ ಒಂದು, ಊದುಗೊಳವೆ ಇಲ್ಲದಾಗ ಬರೀ ತುಟಿಯಿಂದ ಒಲೆ ಊದುವಾಗ ಇನ್ನೊಂದು. ನಾನು ಪಡಸಾಲೆಯಲ್ಲಿ ಕೂತು ಅವಳ ಬಾಯಿ ನೋಡಿ ಬರೆದುಕೊಳ್ಳುತ್ತಿದ್ದೆ. "ಏನ್ ಬರ್ಕೊಳ್ಳಾಕತ್ತೀಯೋ?" ಎಂದು ಕೇಳಿದರೆ, "ಇಂಗ್ಲಿಷ್ ಬೇ" ಅನ್ನುತ್ತಿದ್ದೆ. ಅವ್ವ ಹೊಗೆಗೆ ಕಣ್ಣು ಒರೆಸಿಕೊಂಡು, "ನನ್ನ ಬಾಯಾಗ ಇಂಗ್ಲಿಷ್ ಅದ ಅಂದ್ರ ಇಷ್ಟ ದಿನ ಸುಮ್ಮನ ಕುಂತೆ ನೋಡು," ಅಂದಿದ್ದಳು. ಇನ್ನು ಉರ್ದುವಿನಿಂದ ನಮಗೆ ಬಂದ ಸದ್ದುಗಳಂತೂ ಕೂಡಿಟ್ಟ ಆಸ್ತಿ. ಬಡ ಒಕ್ಕಲಿಗನೂ 'ಜಮೀನು' ಅನ್ನುವಾಗ, 'ಫಸಲು' ಅನ್ನುವಾಗ, ಬೇರೆ ಸೀಮೆಯ ಪಂಡಿತರಿಗೆ ತಿಣುಕಿದರೂ ಬಾರದ ಇಂಗ್ಲಿಷಿನ ಝಡ್, ಎಫ್ ಸದ್ದು ಅವನ ಬಾಯಲ್ಲಿ ಸಲೀಸಾಗಿ ಹೊರಡುತ್ತಿತ್ತು. ಇದನ್ನು ಕಂಡುಹಿಡಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕಾರ್ಡಿಗೆ ಜವಳಿ ಅಂಗಡಿಯವರು ಕೊಟ್ಟ ಪೆಟ್ಟಿಗೆಯ ರಟ್ಟು. ಚಿತ್ರ ಬರೆದುಕೊಟ್ಟವನು ಇಮಾಮಸಾಬ. ಅವನು ಬೋರ್ಡು ಬರೆಯುವ ಪೇಂಟರ. ಆ ವರ್ಷಗಳಲ್ಲಿ ಊರಿನ ಉರ್ದು ಬೋರ್ಡುಗಳನ್ನೆಲ್ಲ ಅಳಿಸಿ ಕನ್ನಡದಲ್ಲಿ ಬರೆಯುವ ಕೆಲಸದಲ್ಲಿ ಅವನಿಗೆ ಉಸಿರಾಡಲು ಪುರಸೊತ್ತಿರಲಿಲ್ಲ. ಆದರೂ ನನಗಾಗಿ ನಲವತ್ತು ಬಾಯಿ ಬರೆದ. ನಲವತ್ತಕ್ಕೂ ಮೀಸೆ.

"ಮೀಸಿ ಯಾಕ್ ಹಚ್ಚಿದೆಪಾ ಇಮಾಮಸಾಬ?"

"ಮೀಸಿ ಇಲ್ದಿದ್ರ ಬಾಯಿ ಎಲ್ಲದ ಅಂತ ಮಂದಿಗಿ ಹ್ಯಾಂಗ ತಿಳೀಬೇಕ್ರಿ ಸರ?"

ಮೀಸೆ ಹಾಗೇ ಉಳಿಯಿತು.

ಪ್ರತಿ ಚಿತ್ರದ ಕೆಳಗೆ ಆ ಸದ್ದು ಮತ್ತೆ ಮತ್ತೆ ಬರುವ ಒಂದು ಇಂಗ್ಲಿಷ್ ವಾಕ್ಯ. ದೊಡ್ಡ ಊರಿನಲ್ಲಿ ನನಗೆ ಕೊಟ್ಟ ವಾಕ್ಯಗಳಲ್ಲಿ ಎಲ್ಲಿ ನೋಡಿದರೂ ಬಿಳಿಯರ ಹೆಸರು. ನಮ್ಮ ಮಾಸ್ತರರು ಅವನ್ನು ಕಂಡರೇ ಹೆದರುತ್ತಾರೆ, ಹೆದರಿದವನ ತುಟಿ ಬಿಗಿಯುತ್ತದೆ ಎಂದು ನಾನು ಎಲ್ಲ ಹೆಸರನ್ನೂ ಕಿತ್ತು ಹಾಕಿ ನಮ್ಮವರ ಹೆಸರು ಕೂಡಿಸಿದೆ. ಕೆಳತುಟಿಗೆ ಮೇಲಿನ ಹಲ್ಲು ತಾಗಿಸಿ ಊದುವ ಸದ್ದಿಗೆ ನಾನು ಆರಿಸಿದ್ದು ಫಕೀರಪ್ಪ. ಸಾಬರ ಫಕೀರನಿಗೆ ನಮ್ಮ ಅಪ್ಪ ಸೇರಿ ಆದ ಹೆಸರು, ನಮ್ಮ ಕಡೆ ಊರಿಗೊಬ್ಬ ಇರುತ್ತಾನೆ. ವಾಕ್ಯ ಹೀಗಿತ್ತು: ಫಕೀರಪ್ಪ ಫೌಂಡ್ ಫೋರ್ ಫ್ಯಾಟ್ ಫಿಶ್. ಫಕೀರಪ್ಪನಿಗೆ ನಾಲ್ಕು ದಪ್ಪ ಮೀನು ಸಿಕ್ಕವು. ನಲವತ್ತರಲ್ಲಿ ನನಗೆ ಅತಿ ಪ್ರೀತಿಯ ಕಾರ್ಡು ಇದೇ ಆಗಿತ್ತು. ಶಾಲೆಗೊಂದು ಕಟ್ಟಿನಂತೆ ಹಂಚಲು ಇವನ್ನೇ ನೋಡಿ ನಕಲು ಮಾಡಿಸತೊಡಗಿದೆ.

ಶಿಬಿರ ನಡೆದದ್ದು ಶಹಾಪುರದ ಶಾಲೆಯೊಂದರಲ್ಲಿ. ಮೂವತ್ತು ಮಂದಿ ಮಾಸ್ತರರು, ಮತ್ತೆ ಒಬ್ಬರೇ ಹೆಣ್ಣುಮಗಳು, ಬೋನಾಳದ ಶಾಲೆಯ ಮಲ್ಲಮ್ಮ ಅಕ್ಕೋರು. ಮೂವತ್ತರ ಆಸುಪಾಸಿನ ವಯಸ್ಸು, ತಲೆ ಮೇಲೆ ಸೆರಗು, ಬಾಗಿಲ ಪಕ್ಕದ ಮೂಲೆ. ಹಂಗಾಮಿ ನೌಕರಿ ಅವರದ್ದು. ಪರೀಕ್ಷೆಯಲ್ಲಿ ಪಾಸಾದವರಿಗೆ ನಾನು ಸಹಿ ಮಾಡಿದ ಚೀಟಿ ಸಿಗುತ್ತಿತ್ತು, ಆ ಚೀಟಿ ಇದ್ದ ಹಂಗಾಮಿಯವರು ಖಾಯಂ ಆಗುತ್ತಿದ್ದರು. ಇಲ್ಲದವರ ಜಾಗಕ್ಕೆ ಇದ್ದವರು ಬರುತ್ತಿದ್ದರು.

ದಿನಾ ಬೆಳಿಗ್ಗೆ ಶಿಬಿರ ಶುರುವಾಗುತ್ತಿದ್ದದ್ದೇ ಫಕೀರಪ್ಪನಿಂದ. ಎಲ್ಲರೂ ಬಾಯಿ ಮುಂದೆ ಕಾಗದದ ಚೂರು ಹಿಡಿದು, ಅದು ಅಲುಗುವ ಹಾಗೆ ಒಮ್ಮೆಲೇ ಕೂಗಬೇಕು. ಹಾದಿಯಲ್ಲಿ ಹೋಗುವವರು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ದೊಡ್ಡ ದೊಡ್ಡ ರುಮಾಲಿನ ಮಾಸ್ತರರು ಕಾಗದದ ಚೂರು ಊದುವುದನ್ನು ನೋಡಿ, "ಇವರಿಗೇನು ಗಾಳಿ ಬಡದದೇನು?" ಎಂದು ಒಬ್ಬಾಕೆ ಕೇಳಿದ್ದೂ ಆಯಿತು. ಆ ಗದ್ದಲದಲ್ಲಿ ಮೂಲೆಯ ಒಂದು ಬಾಯಿ ಮುಚ್ಚಿಕೊಂಡಿದೆ ಎಂದು ನನಗೆ ಗೊತ್ತಾಗಲಿಲ್ಲ. ಬಾಯಿ ನೋಡುವುದೇ ಕೆಲಸವಾದವನಿಗೆ ಗೊತ್ತಾಗಲಿಲ್ಲ.

ಹತ್ತನೇ ದಿನ ಪರೀಕ್ಷೆ. ಕಾರ್ಡುಗಳನ್ನು ಬೋರಲು ಹಾಕಿ ಇಟ್ಟಿದ್ದೆ. ಒಬ್ಬೊಬ್ಬರೇ ಒಳಗೆ ಬಂದು ಒಂದನ್ನು ಎತ್ತಬೇಕು, ಎತ್ತಿದ್ದನ್ನೇ ಓದಬೇಕು, ಬದಲಿ ಇಲ್ಲ. ಈ ಕಾನೂನು ನನ್ನದೇ. ಹಿಂದಿನ ದಿನವೇ ನಾಲ್ಕು ಜನ ಬಂದು ತಮಗೆ ಸುಲಭದ್ದು ಬರುವ ಹಾಗೆ ಮಾಡಿ ಎಂದು ಗೋಗರೆದಿದ್ದರಿಂದ ನಾನು ಬಿಗಿಯಾಗಿದ್ದೆ. ಮಲ್ಲಮ್ಮ ಅಕ್ಕೋರು ಬಂದು ಒಂದು ಕಾರ್ಡು ಎತ್ತಿದರು, ನೋಡಿದರು, ತಿರುಗಿ ಬೋರಲು ಇಟ್ಟರು. ನಾನು ಅದನ್ನು ಎತ್ತಿ ನೋಡಿದೆ. ಫಕೀರಪ್ಪ. ಹತ್ತು ದಿನ ದಿನವೂ ಕೂಗಿದ ಕಾರ್ಡು.

"ಇದ ಬಿಟ್ಟು ಬ್ಯಾರೆದ್ದು ಕೊಡ್ರಿ ಸರ," ಅಂದರು.

"ಯಾಕ್ರಿ? ಬರಂಗಿಲ್ಲೇನು?"

"ಬರ್ತದ್ರಿ."

"ಬಂದ್ರ ಓದ್ರಿ."

ಅವರು ನೆಲ ನೋಡಿದರು. "ಬ್ಯಾರೆ ಯಾವ್ದ ಕೊಟ್ರೂ ಓದ್ತೀನ್ರಿ. ಉಳದದ್ದು ಎಲ್ಲಾ ಓದಂದ್ರೂ ಓದ್ತೀನಿ."

"ಎಲ್ಲಾರಿಗೂ ಒಂದೇ ಕಾನೂನ ಅಕ್ಕೋರ."

ಅವರ ತುಟಿ ಒಂದಕ್ಕೊಂದು ಅಂಟಿಕೊಂಡಿತು. ನಾನು ಐದು ನಿಮಿಷ ಕಾದೆ. ಕಾದದ್ದೇ ದೊಡ್ಡ ಔದಾರ್ಯವೆಂದು ತಿಳಿದೆ. ಆಮೇಲೆ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ, 'ಕೆಳತುಟಿ ಹಲ್ಲಿಗೆ ತಾಗುವುದಿಲ್ಲ, ಅನುತ್ತೀರ್ಣ' ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು. ಅವರು ನಮಸ್ಕಾರ ಮಾಡಿ ಹೋದರು.

ಇದೇ ದಿನಗಳಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರವೂ ನಡೆದಿತ್ತು. ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ನನ್ನನ್ನು ವಡಗೇರಾಕ್ಕೆ ಕರೆದುಕೊಂಡು ಹೋದಳು. ಹುಡುಗಿ ಚೆನ್ನಾಗಿದ್ದಳಂತೆ. ಅಂತೆ ಅನ್ನುವುದು ಯಾಕೆಂದರೆ, ನಾನು ನೋಡಿದ್ದು ಅವಳ ಬಾಯನ್ನು ಮಾತ್ರ. ಅವಳು ತನ್ನ ಊರು, ಓದು ಹೇಳುತ್ತಿದ್ದಾಗ ನಾನು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಅವಳ ನಾಲಗೆಯ ತುದಿ ಎಲ್ಲಿ ತಾಗುತ್ತಿದೆ ಎಂದು ನೋಡುತ್ತ ಮೈಮರೆತಿದ್ದೆ. ಅವಳ ಅಣ್ಣ ಎದ್ದು ನಿಂತ. "ನಮ್ಮ ಹುಡುಗಿ ಎತ್ತಲ್ರಿ ಮಾಸ್ತರ, ಹಲ್ಲು ನೋಡಿ ವ್ಯಾಪಾರ ಮಾಡಾಕ," ಅಂದ. ಅತ್ತೆ ದಾರಿಯುದ್ದಕ್ಕೂ ನನಗೆ ಮಂಗಳಾರತಿ ಮಾಡಿದಳು. ಈ ಸುದ್ದಿ ನನಗಿಂತ ಮುಂಚೆ ಊರೂರು ಮುಟ್ಟಿತು, ಮುಂದೆ ಯಾರೂ ಕರೆಯಲಿಲ್ಲ. ನಾನೂ ಹೋಗಲಿಲ್ಲ. ಒಂಟಿತನ ಒಮ್ಮೆಲೇ ಬರುವುದಿಲ್ಲ. ಮೊದಮೊದಲು ನಗುವ ಕಥೆಯಾಗಿ ಬರುತ್ತದೆ, ನಾವೇ ನಾಲ್ಕು ಜನರಿಗೆ ಹೇಳಿ ನಗುತ್ತೇವೆ.

ಎರಡು ತಿಂಗಳಾಗಿರಬೇಕು. ಸುರಪುರದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬೋನಾಳ ಶಾಲೆಯ ಹೆಡ್ ಮಾಸ್ತರ ಶರಣಪ್ಪನವರು ಸಿಕ್ಕರು. ಕೂತದ್ದೇ ತಡ, "ನಮ್ಮ ಅಕ್ಕೋರಿಗಿ ಯಾಕ ಫೇಲ್ ಮಾಡಿದ್ರಿ ಸರ?" ಎಂದು ಕೇಳಿದರು.

"ನಾ ಏನ್ ಮಾಡ್ಲಿರಿ? ಎಲ್ಲಾಕಿಂತ ಸರಳ ಇದ್ದದ್ದು ಬಂದಿತ್ತು, ಫಕೀರಪ್ಪನ ಕಾರ್ಡು. ಬಾಯೇ ಬಿಡಲಿಲ್ಲ."

ಶರಣಪ್ಪನವರು ಬಸಿಯಲ್ಲಿದ್ದ ಚಹಾ ಕುಡಿಯದೆ ಕೆಳಗಿಟ್ಟರು. "ಆಕಿ ಗಂಡನ ಹೆಸರು ಫಕೀರಪ್ಪರಿ," ಅಂದರು.

ಅವರೇ ಮುಂದುವರಿಸಿದರು. "ರಜಾಕಾರರ ಗದ್ದಲದಾಗ ಒಂದಿನ ಯಾದಗಿರಿಗಿ ಹೋಗಿ ಬರ್ತೀನಂತ ಹೋಗ್ಯಾನ್ರಿ. ಹೋದಾಂವ ಹೋದ. ಸತ್ತಾನೋ ಅದಾನೋ ಯಾರಿಗೂ ಗೊತ್ತಿಲ್ಲ. ಆಕಿ ಕುಂಕುಮ ಅಳಿಸಿಲ್ಲ, ತಾಳಿ ತಗದಿಲ್ಲ. ಗಂಡನ ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗ್ತದ ಅಂತಾರಲ್ರಿ ನಮ್ಮ ಹೆಣ್ಮಕ್ಕಳು. ಬ್ಯಾರೆಯವರಿಗಿ ಅದು ಬರೇ ರೂಢಿ. ಈಕಿಗಿ ಹಂಗಲ್ಲ ಸರ. ತಾ ಹೆಸರ ಹೇಳಿಲ್ಲಂತನ ಅಂವ ಎಲ್ಲ್ಯೋ ಜೀವಂತ ಅದಾನ ಅಂತ ನಂಬ್ಯಾಳ."

ಆ ಚಹಾದಂಗಡಿಯ ಬೆಂಚಿನ ಮೇಲೆ ನನಗೆ ಮೊದಲು ನೆನಪಾದದ್ದು ಅವ್ವ. ನಾನು ಸಣ್ಣವನಿದ್ದಾಗ ಊರಿನ ಲೆಕ್ಕ ಬರೆಯುವ ಪಟವಾರಿಯವರು ಮನೆಗೆ ಬಂದು ಹೆಸರು ಬರೆದುಕೊಳ್ಳುತ್ತ, "ಗಂಡನ ಹೆಸರು?" ಎಂದು ಕೇಳಿದರೆ ಅವ್ವ ನನ್ನ ಬೆನ್ನಿಗೆ ತಿವಿಯುತ್ತಿದ್ದಳು. ನಾನು ಮುಂದೆ ಬಂದು ಅಪ್ಪನ ಹೆಸರು ಜೋರಾಗಿ ಹೇಳುತ್ತಿದ್ದೆ. ಅಪ್ಪನ ಹೆಸರಿನ ಇನ್ನೊಬ್ಬ ನಮ್ಮ ಓಣಿಯಲ್ಲಿದ್ದ. ಅವ್ವ ಅವನನ್ನು ಸಾಯುವತನಕ 'ಆ ಮೂಲಿಮನಿಯಾಂವ' ಎಂದೇ ಕರೆದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿ, ಅವಳ ಬಾಯಿ ನೋಡಿಯೇ ಕಾರ್ಡು ಬರೆದು, ನಾನು ಒಬ್ಬ ಹೆಂಡತಿಗೆ ಗಂಡನ ಹೆಸರು ಹೇಳು, ಇಲ್ಲವೇ ನೌಕರಿ ಬಿಡು ಅಂದಿದ್ದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಅಂದೇ ಮೇಲಿನವರಿಗೆ ಕಾಗದ ಬರೆದೆ. ತಪ್ಪು ನನ್ನದು, ಆಕೆಯ ಉಚ್ಚಾರಣೆಯದಲ್ಲ, ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆ ಎಂದು ಕೇಳಿಕೊಂಡೆ. ಮೂರು ವಾರದ ಮೇಲೆ ಒಂದೇ ಸಾಲಿನ ಉತ್ತರ ಬಂತು: ಒಮ್ಮೆ ಕಳಿಸಿದ ಪಟ್ಟಿಯನ್ನು ಬದಲಿಸಲು ಬರುವುದಿಲ್ಲ. ಆ ಕಾನೂನು ನನ್ನದಲ್ಲ, ಆದರೆ ಓದುವಾಗ ನನ್ನದೇ ದನಿ ಕೇಳಿಸಿತು.

ಆ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು, ಸುರಪುರದಲ್ಲಿ ಒಂದು ಸೈಕಲ್ ಇಸಕೊಂಡು ಬೋನಾಳಕ್ಕೆ ಹೋದೆ. ಶಾಲೆ ಎಂದರೆ ಒಂದೇ ಖೋಲಿ, ಮುಂದೊಂದು ಕಟ್ಟೆ. ಕಟ್ಟೆಯ ಮೇಲೆ ನಿಂತರೆ ಕೆರೆ ಕಾಣುತ್ತಿತ್ತು, ನೀರಿನ ತುಂಬ ಹಕ್ಕಿ. ಶರಣಪ್ಪನವರು ತಾಲೂಕಿಗೆ ಹೋಗಿದ್ದರು. ಮಲ್ಲಮ್ಮ ಅಕ್ಕೋರು ಮಕ್ಕಳಿಗೆ ಬರೆಯಲು ಹಚ್ಚಿ ಹೊರಗೆ ಬಂದರು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

"ನನ್ನದು ದೊಡ್ಡ ತಪ್ಪಾತು ಅಕ್ಕೋರ," ಅಂದೆ.

"ನಿಮಗ ಹ್ಯಾಂಗ ಗೊತ್ತಾಗಬೇಕ್ರಿ ಸರ. ನಾನೂ ಬಿಡಿಸಿ ಹೇಳಬೇಕಾಗಿತ್ತು. ನನಗ ಬಾಯಿ ಬರಲಿಲ್ಲ."

ಕಾಗದ ತೋರಿಸಿದೆ. ಓದಿ, ಮಡಿಚಿ, ತಿರುಗಿ ಕೊಟ್ಟರು. ಜೂನ್ ತಿಂಗಳಲ್ಲಿ ತಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಅವರಿಗೆ ಆಗಲೇ ತಿಳಿದಿತ್ತು. ಮುಂದೇನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, "ಅಣ್ಣನ ಮನಿ ಅದರಿ. ಆಡು ಕುರಿ ಅದಾವ. ಹೊಟ್ಟಿಗಿ ಆಗ್ತದ," ಅಂದರು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅಳಲಿಲ್ಲ.

ಏನಾದರೂ ಮಾಡಿ ನನ್ನ ತಪ್ಪು ತೊಳೆದುಕೊಳ್ಳಬೇಕಲ್ಲ. "ಆ ಕಾರ್ಡು ಎಲ್ಲಾ ಕಟ್ಟಿನಾಗಿಂದ ತಗದು ಸುಟ್ಟುಬಿಡ್ತೀನಿ," ಅಂದೆ.

ಮಲ್ಲಮ್ಮ ಅಕ್ಕೋರು ಆಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೆಟ್ಟಗೆ ನೋಡಿದರು. "ಬ್ಯಾಡ್ರಿ ಸರ. ಅದೊಂದು ಮಾಡಬ್ಯಾಡ್ರಿ."

ನನಗೆ ಅರ್ಥವಾಗಲಿಲ್ಲ. ಅವರು ಸೆರಗು ಸರಿಮಾಡಿಕೊಂಡು ಕೆರೆಯ ಕಡೆ ನೋಡುತ್ತ ಹೇಳಿದರು. "ಅವರು ಹೋಗಿ ಒಂಬತ್ತು ವರ್ಷ ಆತ್ರಿ. ಊರಾಗ ಯಾರೂ ಅವರ ಹೆಸರ ಎತ್ತಂಗಿಲ್ಲ. ಎತ್ತಿದ್ರ ನಾ ಅಳ್ತೀನಂತ. ನಮ್ಮತ್ತಿ ಇದ್ದಾಗ ಮಗನ ಹೆಸರ ಹಿಡದು ಅಳ್ತಿದ್ರು, ಅವರೂ ಹೋದ್ರು. ನಾ ಅಂತೂ ಅನ್ನಂಗಿಲ್ಲ. ಒಂದೊಂದು ಸಲ ಆ ಹೆಸರ ನನಗ ಮರತು ಹೋದ್ರ ಹ್ಯಾಂಗ ಅಂತ ಅಂಜಿಕಿ ಬರ್ತಿತ್ತು. ಶಹಾಪುರದಾಗ ಹತ್ತು ದಿನ, ದಿನಾ ಮುಂಜಾನಿ, ಮೂವತ್ತು ಮಂದಿ ಗಂಡಸ್ರು ಒಮ್ಮಿಗಿಲೇ ಆ ಹೆಸರ ಅಂತಿದ್ರಲ್ರಿ ಸರ..." ಆಮೇಲೆ ಸಣ್ಣಗೆ ನಕ್ಕರು. "ಅವರು ಮೀನ ಮುಟ್ಟಾವರಲ್ರಿ. ಅದಕ್ಕ ಒಳಗೊಳಗ ನಗಿ ಬರ್ತಿತ್ತು."

ಮತ್ತೆ ಅವರೇ, "ಆ ಕಾರ್ಡು ಎಲ್ಲಾ ಶಾಲಿಗೂ ಹೋಗ್ತಾವೇನ್ರಿ?" ಎಂದು ಕೇಳಿದರು.

"ಹೋಗ್ತಾವ. ಮೂರೂ ತಾಲೂಕಿಗಿ."

"ಹೋಗಲ್ರಿ. ಎಲ್ಲ್ಯಾರ ಇದ್ರ ಕಿವಿಗಿ ಬೀಳ್ತದ."

ಹೊರಡಬೇಕೆಂದು ಸೈಕಲ್ ಹಿಡಿದುಕೊಂಡಾಗ ಅವರು ತಡವರಿಸುತ್ತ, "ಒಮ್ಮಿ ಅಂದು ಹೋಗ್ರಿ ಸರ," ಅಂದರು. ನಾನು ಕಟ್ಟೆಯ ಕೆಳಗೆ ನಿಂತು ಅಂದೆ. ಫಕೀರಪ್ಪ ಫೌಂಡ್ ಫೋರ್ ಫ್ಯಾಟ್ ಫಿಶ್. ಒಳಗೆ ಬರೆಯುತ್ತಿದ್ದ ಮಕ್ಕಳಿಗೆ ಅದು ಆಟದ ಹಾಗೆ ಕೇಳಿಸಿತೋ ಏನೋ, ಒಬ್ಬ ಹಿಡಿದ, ಇನ್ನೊಬ್ಬಳು ಹಿಡಿದಳು, ಆಮೇಲೆ ಇಡೀ ಖೋಲಿ ಕೂಗತೊಡಗಿತು. ಮಲ್ಲಮ್ಮ ಅಕ್ಕೋರು ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ತುಟಿ ಬಿಗಿದುಕೊಂಡು ಕೇಳುತ್ತ ನಿಂತಿದ್ದರು. ಮಕ್ಕಳನ್ನು ಸುಮ್ಮನಿರಿ ಅನ್ನಲಿಲ್ಲ. ನಾನು ಹೇಳದೆ ಹೊರಟೆ.

ಜೂನಿನಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದರು. ಆಮೇಲೆ ಅವರನ್ನು ನಾನು ನೋಡಲಿಲ್ಲ, ಅವರ ಗಂಡ ಬಂದನೆಂಬ ಸುದ್ದಿಯೂ ಕೇಳಲಿಲ್ಲ. ಅವ್ವ ಹೋದ ಮೇಲೆ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ನಾನು ಇಂಗ್ಲಿಷ್ ಮಾಸ್ತರ, ಈಗೀಗ ಬರೀ ಮುದುಕ ಮಾಸ್ತರ. ಹೆಸರು ಗೊತ್ತಿಲ್ಲದೆ ಕರೆಯದವರೇ ಎಲ್ಲ. ಗೊತ್ತಿದ್ದೂ, ಕರೆಯಬೇಕೆಂದು ಜೀವ ಬಡಿದುಕೊಂಡರೂ, ನಾನು ಬದುಕಿರಲೆಂದು ಬಾಯಿ ಮುಚ್ಚಿಕೊಂಡವರು ಯಾರೂ ಇಲ್ಲ. ಅಂದು ಬೋನಾಳದಿಂದ ಸುರಪುರದವರೆಗೆ ಸೈಕಲ್ ತುಳಿಯುತ್ತ, ಮುಖ ಕೂಡ ನೋಡಿರದ ಆ ಫಕೀರಪ್ಪನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ಇನ್ನೂ ಹೋಗಿಲ್ಲ.